ನಾಲ್ಕು ಬೆರಳಿನ ಚಾಕು

ಇದರಲ್ಲಿ ನಡೆದದ್ದು ಎಷ್ಟು, ನಾನು ಆಮೇಲೆ ಹೊಲಿದು ಸೇರಿಸಿದ್ದು ಎಷ್ಟು ಎಂಬುದು ನನಗೆ ಗೊತ್ತಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೂವತ್ತು ವರ್ಷ ಒಂದೇ ಸಂಗತಿಯನ್ನು ತಿರುತಿರುಗಿ ನೆನೆದವನ ಮಾತನ್ನು ಸಾಕ್ಷಿ ಎಂದು ಯಾರೂ ಒಪ್ಪಬಾರದು. ಬೇರೆಯವರು ಹೀಗೆ ಹೇಳಿದ್ದರೆ ನಾನಂತೂ ಒಪ್ಪುತ್ತಿರಲಿಲ್ಲ.

ಹೋದ ತಿಂಗಳು ಧಾರವಾಡದ ನಮ್ಮ ಮನೆಯಲ್ಲಿ ಹಳೆಯ ಪೆಟ್ಟಿಗೆಯೊಂದನ್ನು ಖಾಲಿ ಮಾಡುತ್ತಿದ್ದೆ. ತಳದಲ್ಲಿ ಒಂದು ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚುವ ಮೊದಲೇ ವಾಸನೆ ಬಂತು: ಔಡಲ ಎಣ್ಣೆಯ ಭಾರವಾದ ವಾಸನೆ, ಅದರ ಹಿಂದೆ ಕೋಡಿನದು, ಎಲ್ಲೋ ದೂರದಲ್ಲಿ ಕೂದಲು ಸುಟ್ಟಂತೆ. ಒಳಗೆ ಚಿಗರಿ ಕೋಡಿನ ಹಿಡಿಕೆಯ ಮಡಚುವ ಚಾಕು. ಅಲಗು ಕಪ್ಪಾಗಿತ್ತು, ತುಕ್ಕು ಮಾತ್ರ ಹಿಡಿದಿರಲಿಲ್ಲ. ಕಿವಿಯ ಹತ್ತಿರ ಹಿಡಿದು ಮಡಚಿದೆ. ಟಕ್ ಎಂದಿತು. ಆ ಸದ್ದಿಗೆ ಗಜೇಂದ್ರಗಡದ ಪೇಟೆ, ಹಲಗೆಯ ಅಂಗಡಿ, ಹಳೆಯ ಗಾಯದ ಗೆರೆಯಿದ್ದ ಒಂದು ಹೆಬ್ಬೆರಳು, ಎಲ್ಲ ಬಂದವು. ಮುಖ ಬರಲಿಲ್ಲ. ಈಗಲೂ ಬರುತ್ತಿಲ್ಲ...

ಚಾಕಿನ ಸಾವಕಾರರು ಎಂದೇ ನಾವು ಅವರನ್ನು ಕರೆಯುತ್ತಿದ್ದದ್ದು. ಕುಡಗೋಲು, ಕೀಲಿ, ಅಡಕತ್ತರಿ ಎಲ್ಲವನ್ನೂ ಮಾರುತ್ತಿದ್ದರು. ಆದರೆ ಸುತ್ತಲಿನ ಹಳ್ಳಿಗಳವರು ಅವರ ಹತ್ತಿರ ಹೋಗುತ್ತಿದ್ದದ್ದು ಚಾಕಿಗೆ. ಅಂಗಡಿಯ ಮುಂದೆ ಸಾಣೆಕಲ್ಲು. ಅಲಗು ಹದಗೆಟ್ಟರೆ ಯಾವಾಗ ಬೇಕಾದರೂ ತಂದು ಕೊಡಬಹುದಾಗಿತ್ತು.

ಅದು ನರಗುಂದ ಬಿದ್ದ ವರ್ಷ. ಅದಕ್ಕೆ ಹಿಂದಿನ ವರ್ಷವೇ ಸರಕಾರ ಎಲ್ಲರ ಮನೆಯ ಆಯುಧಗಳನ್ನು ತಂದೊಪ್ಪಿಸಬೇಕೆಂದು ಡಂಗುರ ಹೊಡೆಸಿತ್ತು. ನರಗುಂದದ ಗುಡ್ಡದ ಮೇಲಿನ ಕೋಟೆ ಸರಕಾರದ ಕೈಗೆ ಬಂದ ಮೇಲೆ ಹುಡುಕಾಟ ಬಿಗಿಯಾಯಿತು. ರೋಣದ ಕಡೆಯಿಂದ ಸವಾರರು ಯಾವ ಹೊತ್ತಿನಲ್ಲಿ ಯಾವ ಊರಿಗೆ ಬರುತ್ತಾರೆಂದು ತಿಳಿಯುತ್ತಿರಲಿಲ್ಲ. ಜನ ಜೋರಾಗಿ ಮಾತಾಡುವುದನ್ನು ಬಿಟ್ಟಿದ್ದರು. ಬಾವಿಗೆ ಬಂದ ಹೆಂಗಸರೂ ಹಿಂದೆ ತಿರುಗಿ ನೋಡಿ ಮಾತು ಶುರು ಮಾಡುತ್ತಿದ್ದರು.

ನಮ್ಮ ಊರು ಜಕ್ಕಲಿ. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದ. ಹೊಲಮನೆ ನೋಡುತ್ತಿದ್ದವನು ಕಾಕಾ, ಅಪ್ಪನ ತಮ್ಮ. ಅವನಿಗೆ ಮದುವೆಯಾಗಿರಲಿಲ್ಲ. ಮನೆಯಲ್ಲಿ ಅಜ್ಜಿ, ಕಾಕಾ, ನಾನು. ನಮ್ಮಲ್ಲಿ ಎರಡು ತಲವಾರಗಳಿದ್ದವು. ಡಂಗುರ ಕೇಳಿದ ವಾರವೇ ಕಾಕಾ ಒಂದನ್ನು, ತುದಿ ಮುರಿದದ್ದನ್ನು, ಕಚೇರಿಗೆ ಒಪ್ಪಿಸಿ ಬಂದ. ಇನ್ನೊಂದು ಮುತ್ತಜ್ಜನದು. ಅದನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಹಿತ್ತಲಿನ ಹಗೇವಿನಲ್ಲಿ ಇಳಿಸಿದ. ಹಗೇವು ಎಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿಗೆ ಹಾಸುಗಲ್ಲು ಮುಚ್ಚಿ ಮೇಲೆ ಮಣ್ಣು ಮೆತ್ತಿಬಿಟ್ಟರೆ ಮೇಲೆ ನಡೆದಾಡಿದವನಿಗೂ ಗೊತ್ತಾಗುವುದಿಲ್ಲ. ನಮ್ಮ ಹಿತ್ತಲಲ್ಲಿ ಸಾಲಾಗಿ ಮೂರು ಇದ್ದವು. ತಲವಾರ ಇದ್ದದ್ದು ನಡುವಿನದರಲ್ಲಿ. ನಮ್ಮ ಮೂವರನ್ನು ಬಿಟ್ಟರೆ ಇನ್ನಾರಿಗೂ ಅದು ತಿಳಿದಿರಲಿಲ್ಲ.

ನನಗೆ ಆಗ ಹದಿನೆಂಟು. ದೀಪಾವಳಿ ಮುಗಿದ ಮೇಲೆ ಓದಲು ಧಾರವಾಡಕ್ಕೆ, ಅಲ್ಲಿಂದ ಮುಂದೆ ಮುಂಬಯಿಗೆ ಎಂದು ನಿಶ್ಚಯವಾಗಿತ್ತು. "ಊರು ಬಿಟ್ಟ ಹೋಗಾವನ ಹತ್ರ ಒಂದು ಚಲೋ ಚಾಕು ಇರಬೇಕು" ಎಂದ ಕಾಕಾ. ಮಹಾನವಮಿಗೆ ಆರು ದಿನ ಇರುವಾಗ ಗಜೇಂದ್ರಗಡದ ಪೇಟೆಗೆ ಬಂಡಿ ಹೂಡಿದ. ಕತ್ತಲಿರುವಾಗಲೇ ಹೊರಟು ಬಿಸಿಲೇರುವ ಹೊತ್ತಿಗೆ ಮುಟ್ಟಿದೆವು. ನನ್ನನ್ನು ಚಾಕಿನ ಅಂಗಡಿಯ ಮುಂದೆ ಇಳಿಸಿ ಅವನು ಹತ್ತಿಯ ವ್ಯಾಪಾರಿಯನ್ನು ಕಾಣಲು ಹೋದ.

ಅಂಗಡಿಯಲ್ಲಿ ಇನ್ನೊಬ್ಬನಿದ್ದ. ಒಳಗಿನ ಕಂಬಕ್ಕೆ ಒರಗಿ ಎಲೆ ಅಡಿಕೆ ಜಗಿಯುತ್ತ ಕೂತಿದ್ದ. ಕೆಂಪು ರುಮಾಲು. ಕಚೇರಿಯ ಮನುಷ್ಯ ಎಂದು ನೋಡಿದ ಕೂಡಲೇ ಅನ್ನಿಸಿತು... ಅಥವಾ ಆಮೇಲೆ ಅನ್ನಿಸಿತೋ. ಈಗ ಆ ಅಂಗಡಿಯನ್ನು ಕಣ್ಣ ಮುಂದೆ ತಂದುಕೊಂಡರೆ ಒಮ್ಮೆ ಅವನು ಇರುತ್ತಾನೆ, ಒಮ್ಮೆ ಬರಿಯ ಕಂಬ ಇರುತ್ತದೆ. ಇಂಥ ಮನುಷ್ಯನ ಮೇಲೆ ನಾನು ಎಷ್ಟು ಕತೆ ಕಟ್ಟಿದೆ ಎಂದು ನೆನೆದರೆ ಅಳುಕಾಗುತ್ತದೆ.

"ಏನು ಕೊಯ್ಯಾಕ ಬೇಕು?" ಎಂದರು ಸಾವಕಾರರು.

"ಎಲ್ಲಾದಕ್ಕೂ ಬೇಕ್ರಿ."

"ಎಲ್ಲಾ ಕೊಯ್ಯೂ ಚಾಕು ಯಾವ ಕಮ್ಮಾರನೂ ಮಾಡಿಲ್ಲ ತಮ್ಮಾ. ದಿನಾ ಏನು ಕೊಯ್ತಿ, ಅದನ್ನ ಹೇಳು."

"ಬರಿಯೂ ಲೆಕ್ಕಣಿಕಿ ಕೆತ್ತಬೇಕ್ರಿ. ಉಳ್ಳಾಗಡ್ಡಿ, ಹಣ್ಣು, ಸುತಳಿ..."

"ಮತ್ತ?"

"ಮತ್ತೇನಿಲ್ರಿ."

"ಮತ್ತೇನಿಲ್ಲ ಅನ್ನೂದು ಚಲೋ. ಈ ವರ್ಷ ಮತ್ತೇನಿಲ್ಲ ಅನ್ನೂದು ಭಾಳ ಚಲೋ."

ನಗುತ್ತ ಹೇಳಿದರೋ, ಕಂಬದ ಕಡೆ ನೋಡಿ ಹೇಳಿದರೋ ನೆನಪಿಲ್ಲ. ಆ ಮಾತು ಮಾತ್ರ ಹೀಗೆಯೇ ಇತ್ತು.

ಮೂರು ಚಾಕು ತೆಗೆದು ಹಲಗೆಯ ಮೇಲೆ ಇಟ್ಟರು. ಯಾವುದನ್ನೂ ನನ್ನ ಕೈಗೆ ಕೊಡಲಿಲ್ಲ. ಚಾಕನ್ನು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವನಿಗೂ ತೆಗೆದುಕೊಂಡವನಿಗೂ ಜಗಳ ಬರುತ್ತದೆಂದು ನಮ್ಮ ಕಡೆ ನಂಬಿಕೆ. ಅವರು ಇಡಬೇಕು, ನಾವು ಎತ್ತಿಕೊಳ್ಳಬೇಕು. ಮೊದಲನೆಯದು ವಿಲಾಯತಿ ಮಾಲು. ಎಲುಬಿನ ಬಿಳಿ ಹಿಡಿಕೆ, ದೊಡ್ಡದೊಂದು ಚಿಕ್ಕದೊಂದು ಎರಡು ಅಲಗು. ಎರಡನೆಯದು ಉದ್ದದ್ದು, ತುದಿಗೆ ಹಿತ್ತಾಳೆ, ಬಿಚ್ಚಿದರೆ ಖಟಕಿ ಬಿದ್ದು ಅಲಗು ಗಟ್ಟಿಯಾಗಿ ನಿಲ್ಲುತ್ತಿತ್ತು. ನನ್ನ ಕಣ್ಣು ಅದರ ಮೇಲೆಯೇ ಇತ್ತು. ಮೂರನೆಯದು ಗಿಡ್ಡನೆಯ ಚಿಗರಿ ಕೋಡಿನದು, ಒಂದೇ ಅಲಗು. ಊರಿನ ಕಮ್ಮಾರನ ಕೆಲಸ.

ನಾನು ಉದ್ದದ್ದನ್ನು ಎತ್ತಿಕೊಂಡೆ. ಅವರು ಜೋಳದ ದಂಟಿನ ಸಿಬಿರು ಒಂದನ್ನು ಮುರಿದು, "ಕೈ ತೋರ್ಸು" ಎಂದರು. ನನ್ನ ನಾಲ್ಕು ಬೆರಳು ಜೋಡಿಸಿ ಅಡ್ಡಲಾಗಿ ಅಳೆದರು. ಆ ಸಿಬಿರನ್ನು ಉದ್ದ ಚಾಕಿನ ಪಕ್ಕಕ್ಕೆ ಇಟ್ಟರು. ಚಾಕು ಎರಡು ಬೆರಳು ಹೊರಗೆ ಚಾಚಿತ್ತು.

"ಮಡಚಿದ್ರ ಮುಷ್ಟ್ಯಾಗ ಮುಚ್ಚಬೇಕು. ನಾಲ್ಕ ಬೆರಳು. ಅದರ ಮ್ಯಾಲ ಹೋದ್ರ ಅದು ಚಾಕು ಅಲ್ಲ, ಕಚೇರಿಯವರ ಬಾಯಾಗ ಅದಕ್ಕ ಬ್ಯಾರೆ ಹೆಸರು."

ಇಂಥ ಕಾನೂನು ಇತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಆಗ ಯಾರಿಗೂ ಗೊತ್ತಿರಲಿಲ್ಲ. ಯಾವುದು ಆಯುಧ, ಯಾವುದು ಮನೆಯ ಸಾಮಾನು ಎಂಬುದು ಹಿಡಿಯಲು ಬಂದವನ ಮನಸ್ಸಿನಲ್ಲಿತ್ತು. ವಿಲಾಯತಿ ಚಾಕನ್ನು ಅವರೇ ದೂರ ಸರಿಸಿದರು. ಎರಡು ಅಲಗಿದ್ದರೆ ಎರಡು ಕಡೆ ಸಡಿಲಾಗುತ್ತದೆ, ಇದರ ಉಕ್ಕು ಹದ ಬಿಟ್ಟರೆ ನಮ್ಮ ಕಡೆ ಸರಿಮಾಡುವವರಿಲ್ಲ ಎಂದರು. ತಮ್ಮ ಅಂಗಡಿಯ ಹೆಚ್ಚು ಬೆಲೆಯ ಮಾಲನ್ನು ತಾವೇ ಹಳಿಯುವ ವ್ಯಾಪಾರಿಯನ್ನು ನಾನು ಮೊದಲ ಸಲ ನೋಡಿದ್ದು. ಆಮೇಲೆ ಅದನ್ನೂ ಸಂಶಯದ ಲೆಕ್ಕಕ್ಕೆ ಸೇರಿಸಿದೆ: ಮಾಲು ಮಾರುವ ಆಸೆ ಇಲ್ಲದವನು ಅಂಗಡಿ ಇಟ್ಟದ್ದು ಬೇರೆ ಯಾತಕ್ಕೆ?

ಕೋಡಿನ ಚಾಕನ್ನು ಕಿವಿಯ ಹತ್ತಿರ ಹಿಡಿದು ಮಡಚಿ ತೋರಿಸಿದರು. ಟಕ್. "ಹಿಂಗ ಅನ್ನಬೇಕು. ಟಪ್ ಅಂದ್ರ ಹಿಡಿಕಿ ಸಡ್ಲ. ಏನೂ ಅನ್ನಲಿಲ್ಲಂದ್ರ ಕಿಸೇದಾಗ ತಾನ ಬಿಚ್ಚಿ ತೊಡಿ ಕೊಯ್ತೈತಿ." ಒಂದು ವೀಳ್ಯದೆಲೆ ತೆಗೆದು ನಡುವಿನ ನರವನ್ನಷ್ಟೇ ಎಲೆ ಹರಿಯದಂತೆ ಬಿಡಿಸಿದರು. ಎಲೆಯನ್ನು ನನ್ನ ಕಡೆ ಚಾಚಿದರು. ಅದನ್ನು ಕೈಗೇ ಕೊಟ್ಟರು. ಆಮೇಲೆ ಎಣ್ಣೆಯ ಮಾತು ಬಂತು. ಕುಸುಬಿ ಎಣ್ಣೆ ಹಚ್ಚಬಾರದು, ಅದು ಕೀಲಿನಲ್ಲಿ ಅಂಟಾಗಿ ಕೂತುಬಿಡುತ್ತದೆ; ಔಡಲ ಎಣ್ಣೆಯೇ ಬೇಕು ಎಂದರು.

ಎಣ್ಣೆ ಎಂದ ಕೂಡಲೇ ನನ್ನ ಬಾಯಿಂದ ಆ ಪ್ರಶ್ನೆ ಬಂತು. ಹಗೇವಿನಲ್ಲಿದ್ದ ಮುತ್ತಜ್ಜನ ತಲವಾರಕ್ಕೆ ಯಾವ ಎಣ್ಣೆ ಹಚ್ಚಿದ್ದೆವೆಂದು ಚಿಂತೆ ಹತ್ತಿರಬೇಕು.

"ಕಬ್ಬಿಣ ಜ್ವಾಳದಾಗ ಇಟ್ರ ತುಕ್ಕ ಹಿಡೀತೈತೇನ್ರಿ?"

ಸಾಣೆಕಲ್ಲಿನ ಮೇಲಿದ್ದ ಅವರ ಕೈ ನಿಂತಿತು.

"ಚಾಕು ಯಾರರ ಜ್ವಾಳದಾಗ ಇಡ್ತಾರೇನು?"

"ಸುಮ್ನ ಕೇಳಿದೆನ್ರಿ."

ಅವರು ಬಗ್ಗಿ ಚಾಕನ್ನು ಎಣ್ಣೆಬಟ್ಟೆಯಲ್ಲಿ ಸುತ್ತತೊಡಗಿದರು. ತಲೆ ಎತ್ತದೆ ಮೆಲ್ಲಗೆ ಹೇಳಿದರು: "ಹಗೇವಿನಾಗ ಸೆಕಿ ಭಾಳ. ಜ್ವಾಳದಾಗ ಯಾವ ಕಬ್ಬಿಣನೂ ಉಳಿಯೂದಿಲ್ಲ. ಮನಿಯವರಿಗೆ ಹೇಳು. ಲಗೂನ ಹೇಳು."

ನಾನು ಜೋಳ ಎಂದಿದ್ದೆ. ಹಗೇವು ಎಂದಿರಲಿಲ್ಲ. ಎಷ್ಟೋ ವರ್ಷ ಈ ಒಂದು ಶಬ್ದವನ್ನು ಹಿಡಿದುಕೊಂಡು ಕೂತಿದ್ದೆ. ನಮ್ಮ ಸೀಮೆಯಲ್ಲಿ ಜೋಳವನ್ನು ಹಗೇವಿನಲ್ಲಲ್ಲದೆ ಇನ್ನೆಲ್ಲಿ ಇಡುತ್ತಾರೆ ಎಂಬ ಸಾದಾ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡದ್ದು ಬಹಳ ತಡವಾಗಿ.

ಅಷ್ಟರಲ್ಲಿ ಕಾಕಾ ಬಂದ. ಹತ್ತಿಯ ಮಾತು ಚಲೋ ಆಗಿರಬೇಕು, ದೂರದಿಂದಲೇ ನಗುತ್ತಿದ್ದ.

"ಏನ್ರೀ ಸಾವಕಾರ್ರ, ನಮ್ಮ ಹುಡುಗನ್ನ ಮುಂಬೈಗೆ ಕಳಸಾಕ ಹತ್ತೇವಿ, ನೀವು ಬದನಿಕಾಯಿ ಹೆಚ್ಚೂದು ಕೊಟ್ಟೀರಲ್ಲ!"

"ಗೌಡ್ರ, ಬದನಿಕಾಯಿ ಹೆಚ್ಚಾವ್ರನ್ನ ಹಿಡಕೊಂಡು ಹೋಗೂದಿಲ್ರಿ."

"ಮತ್ತ ಗಂಡಸರ ಚಾಕು ಯಾರಿಗೆ ಮಾರ್ತೀರಿ?"

"ಮಾರೂದಿಲ್ರಿ. ನೋಡಾಕ ಇಟ್ಟೇನಿ. ಯಾರು ಕೈ ಹಾಕ್ತಾರ ಅಂತ ತಿಳೀತೈತಿ."

ಕಾಕಾ ತೊಡೆ ತಟ್ಟಿಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಮೊದಲು ಕೈ ಹಾಕಿದವನು ನಾನೇ ಆಗಿದ್ದೆ.

ಮರಳುವ ದಾರಿಯಲ್ಲಿ ಸಾವಕಾರರ ಮಾತನ್ನು ಕಾಕಾನಿಗೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಹೇಳಿದರೆ ಜೋಳದ ಪ್ರಶ್ನೆ ಕೇಳಿದವನು ನಾನೆಂದು ಒಪ್ಪಿಕೊಳ್ಳಬೇಕಾಗಿತ್ತು. ಕಾಕಾ ಎತ್ತುಗಳಿಗೆ ಕೇಳುವಂತೆ ಲಾವಣಿ ಹಾಡುತ್ತಿದ್ದ. ಹಾಡು ಮುಗಿಯಲಿ ಎಂದುಕೊಂಡೆ. ಊರು ಬಂತು... ನಾನು ಹೇಳಲಿಲ್ಲ.

ಮಹಾನವಮಿಗೆ ನಮ್ಮಲ್ಲಿ ಖಂಡೇಪೂಜೆ. ಮನೆಯ ಕಬ್ಬಿಣವೆಲ್ಲ ಅಂದು ದೇವರ ಮುಂದೆ ಬರಬೇಕು: ಕುಡಗೋಲು, ಕೊಡಲಿ, ಕಳೆ ತೆಗೆಯುವ ಕುರ್ಚಿಗೆ, ತೂಕದ ಕಲ್ಲು, ಅಜ್ಜಿಯ ಈಳಿಗೆ ಕೂಡ. ಹೊಸ ಅಲಗು ಬಂದರೆ ಮೊದಲ ಪೂಜೆಯಲ್ಲಿ ಅದನ್ನು ಮನೆಯ ಹಿರಿಯ ಅಲಗಿನ ಪಕ್ಕದಲ್ಲೇ ಇಡುವುದು ರೂಢಿ. ಆ ವರ್ಷ ದೇವರ ಜಗುಲಿಯ ಮೇಲೆ ಎಲ್ಲವೂ ಸಾಲಾಗಿತ್ತು. ಹಿರಿಯ ಅಲಗಿನ ಜಾಗ ಖಾಲಿ ಇತ್ತು. ಅಜ್ಜಿ ಆರತಿ ಹಚ್ಚಲಿಲ್ಲ. ಕೂತೇ ಇದ್ದಳು.

"ಅವ್ವಾ, ಹೊತ್ತಾತು" ಎಂದ ಕಾಕಾ.

"ಅದು ಅಲ್ಲಿ ಉಪಾಸ ಕುಂತೈತಿ. ಅದನ್ನ ಕತ್ತಲ್ಯಾಗ ಇಟ್ಟು ನಾವು ಹೋಳಿಗಿ ತಿನ್ನೂದೇನೋ?"

"ಮೆಲ್ಲಕ ಮಾತಾಡು. ಕಬ್ಬಿಣಕ್ಕೇನು ಹಸಿವು?"

"ನಿಮ್ಮಪ್ಪನ ಮುಂದ ಹಿಂಗ ಅಂದಿದ್ರ ಗೊತ್ತಾಗತಿತ್ತು ನಿನಗ, ಯಾವುದಕ್ಕ ಹಸಿವು ಅಂತ."

ಕಾಕಾ ಎದ್ದು ಹೊರಗೆ ಹೋದ. ಆಮೇಲಿನದು ನನಗೆ ಹೀಗೆ ನೆನಪಿದೆ: ಅಜ್ಜಿ ತಾನೇ ತಟ್ಟೆ ಹಿಡಿದು ಹಿತ್ತಲಿಗೆ ಹೋದಳು. ನಡುವಿನ ಹಗೇವಿನ ಬಾಯಿಗೆ ಎಣ್ಣೆ ಎರೆದಳು, ಕುಂಕುಮ ತೂರಿದಳು, ಚೆಂಡುಹೂ ಇಟ್ಟಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ನನ್ನ ಹೊಸ ಚಾಕು ಜಗುಲಿಯ ಮೇಲೆ ಕುಡಗೋಲಿನ ಪಕ್ಕದಲ್ಲಿತ್ತು. ಸಂಜೆ ಕಾಕಾ ಹಗೇವಿನ ಮೇಲಿನ ಪೂಜೆಯನ್ನು ಕಂಡು ಹಲ್ಲು ಕಡಿದ. ಹೂಗಳನ್ನು ತಿಪ್ಪೆಗೆ ಎಸೆದು ಕುಂಕುಮವನ್ನು ಕಾಲಿನಿಂದ ಒರೆಸಿಹಾಕಿದ. ಎಲ್ಲ ಅಳಿಸಿತು ಎಂದುಕೊಂಡೆವು.

ಹೀಗೆ ನೆನಪಿದೆ, ಎಂದು ಮತ್ತೆ ಬರೆಯುತ್ತೇನೆ.

ಮೂರನೆಯ ದಿನ ಮುಂಜಾನೆ ಇಬ್ಬರು ಸವಾರರು ಊರ ಕಾವಲಿನ ವಾಲಿಕಾರನನ್ನು ಮುಂದೆ ಮಾಡಿಕೊಂಡು ಬಂದರು. ಮನೆಯೊಳಗೆ ಕಾಲಿಡಲಿಲ್ಲ. ಅಟ್ಟ ನೋಡಲಿಲ್ಲ, ಬಣವೆ ಕೆದಕಲಿಲ್ಲ. ನೇರ ಹಿತ್ತಲಿಗೆ ನಡೆದು ಮೂರು ಹಗೇವುಗಳಲ್ಲಿ ನಡುವಿನದರ ಮುಂದೆ ನಿಂತು "ತಗೀರಿ" ಎಂದರು. ಮಣ್ಣು ಒಡೆದು ಕಲ್ಲು ಸರಿಸಿದಾಗ ಒಳಗಿನ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ತಲವಾರ ಮೇಲೆ ಬಂತು. ಬಟ್ಟೆ ಬಿಚ್ಚಿದಾಗ ಅಲಗಿನ ತುಂಬ ತುಕ್ಕಿನ ಚುಕ್ಕೆಗಳಿದ್ದವು. ಸಾವಕಾರರು ಹೇಳಿದಂತೆಯೇ.

"ಇದು ನಂದು" ಎಂದ ಕಾಕಾ. "ನಮ್ಮವ್ವಗ ಗೊತ್ತಿಲ್ಲ. ಈ ಹುಡುಗಗೂ ಗೊತ್ತಿಲ್ಲ."

ಅವನ ಕೈ ಕಟ್ಟಿದರು. ಅಂಗಳದಲ್ಲಿ ಅರ್ಧ ಊರು ನೆರೆದಿತ್ತು. ನನ್ನ ಹತ್ತಿರ ಬಂದಾಗ ಕಾಕಾ ನಿಂತ. ದನಿ ತಗ್ಗಿಸಿ ಕೇಳಿದ, ಆದರೆ ಆ ಹೊತ್ತಿನ ಮೌನದಲ್ಲಿ ಅದು ಎಲ್ಲರಿಗೂ ಕೇಳಿಸಿತು.

"ಯಾರ ಮುಂದ ಬಾಯಿ ಬಿಟ್ಟಿದ್ದಿ?"

"ಚಾಕಿನ ಸಾವಕಾರ್ರ ಮುಂದ."

ಅಷ್ಟೇ ನಾನು ಅಂದದ್ದು. ಕಾಕಾ ತಲೆ ಅಲ್ಲಾಡಿಸಿದ. ಅದು ನಂಬಿದ್ದಕ್ಕೋ, ನಂಬದ್ದಕ್ಕೋ... ಅವನನ್ನು ಧಾರವಾಡಕ್ಕೆ ಒಯ್ದರು. ಮುಂದಿನ ಬೇಸಿಗೆಯಲ್ಲಿ ಜೈಲಿನಲ್ಲೇ ಜ್ವರ ಬಂದು ತೀರಿಕೊಂಡ.

ಆ ಮಾತು ಮಾತ್ರ ನನಗಿಂತ ವೇಗವಾಗಿ ನಡೆಯಿತು. ವಾರದೊಳಗೆ ರಾಜೂರ ದಾಟಿ ಗಜೇಂದ್ರಗಡ ಮುಟ್ಟಿತು. ಯಾರೂ ಅವರ ಅಂಗಡಿಗೆ ಕಲ್ಲು ಹೊಡೆಯಲಿಲ್ಲ, ಯಾರೂ ಎದುರು ನಿಂತು ಬೈಯಲಿಲ್ಲ. ಹೋಗುವುದನ್ನು ಬಿಟ್ಟರು ಅಷ್ಟೆ. ಅವರು ಸಾಣೆ ಹಿಡಿದ ಈಳಿಗೆಗೂ ಕಿವಿ ಇದೆ ಎಂದು ಹೆಂಗಸರು ನಗೆಯಾಡುತ್ತಿದ್ದರು. ಕಂಬಕ್ಕೆ ಒರಗಿದ್ದ ಕೆಂಪು ರುಮಾಲಿನವನ ಕತೆಯನ್ನು ನಾನೇ ಎಷ್ಟು ಜನಕ್ಕೆ ಹೇಳಿದೆನೋ. ಹೇಳಿದಂತೆಲ್ಲ ರುಮಾಲು ಹೆಚ್ಚು ಹೆಚ್ಚು ಕೆಂಪಾಯಿತು. ಸಂಕ್ರಾಂತಿಯ ಹೊತ್ತಿಗೆ ಅಂಗಡಿಯ ಹಲಗೆಗಳು ಮುಚ್ಚಿದ್ದವು. ಸಾಣೆಕಲ್ಲನ್ನು ಮಾತ್ರ ಹೊತ್ತುಕೊಂಡು ಊರು ಬಿಟ್ಟರೆಂದು ಕೇಳಿದೆ.

ನಾನು ಧಾರವಾಡಕ್ಕೆ ಹೋದೆ, ಮುಂಬಯಿಗೆ ಹೋದೆ, ವಿಶ್ವವಿದ್ಯಾಲಯದ ಪರೀಕ್ಷೆಗಳಿಗೆ ಕೂತೆ. ತರ್ಕ ಓದಿದೆ. ಒಂದಾದ ಮೇಲೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಲ್ಲ ಎಂದು ಉತ್ತರಪತ್ರಿಕೆಯಲ್ಲಿ ಬರೆದು ಒಳ್ಳೆಯ ಹೆಸರು ಪಡೆದೆ. ಅದನ್ನು ಬರೆದ ಲೆಕ್ಕಣಿಕೆ ಕೆತ್ತಿದ್ದು ಇದೇ ಚಾಕಿನಿಂದ. ಆಗ ಸಾವಕಾರರ ನೆನಪು ಬಂದಿತ್ತೇ? ಬಂದಿರಲಿಲ್ಲ. ಬಂದಿತ್ತು ಎಂದು ಬರೆದರೆ ಈ ಲೇಖನ ಚಲೋ ಆಗುತ್ತಿತ್ತು.

ಮೂರು ವರ್ಷದ ಮೇಲೆ ಬೆಳಗಾವಿಯ ದಾರಿಯಿಂದ ಊರಿಗೆ ಮರಳುವಾಗ ಕೊಣ್ಣೂರಿನಲ್ಲಿ ನಿಲ್ಲಬೇಕಾಯಿತು. ಮಲಪ್ರಭೆ ತುಂಬಿ ಹರಿಯುತ್ತಿತ್ತು. ಹರಿಗೋಲಿನವನು ನೀರು ಇಳಿಯಲಿ ಎಂದು ದಂಡೆಯಲ್ಲಿ ಕೂತಿದ್ದ. ಹಸಿ ಮಣ್ಣಿನಲ್ಲಿ ಬಂಡಿಗಳು ಸಾಲುಗಟ್ಟಿದ್ದವು. ಬೇವಿನ ಮರದ ಕೆಳಗೆ ಒಬ್ಬರು ಸಾಣೆ ಹಿಡಿಯುತ್ತಿದ್ದರು. ನನ್ನ ಕೋಟು ನೋಡಿ, "ಚಾಕು ಗೀಕು ಇದ್ರ ಕೊಡ್ರಿ ಸಾಹೇಬ್ರ, ಹೊಳಿ ಇಳಿಯೂತನಕ ಹದಾ ಮಾಡಿಕೊಡ್ತೇನಿ" ಎಂದರು. ನಾನು ಚಾಕು ತೆಗೆದು ಕಲ್ಲಿನ ಮೇಲೆ ಇಟ್ಟೆ. ಅವರು ಅದನ್ನು ಕಿವಿಯ ಹತ್ತಿರ ಒಯ್ದು ಮಡಚಿದರು. ಆಮೇಲೆ ನನ್ನತ್ತ ನೋಡಿದರು.

"ಯಾವ ಎಣ್ಣಿ ಹಚ್ಚೀದಿ ತಮ್ಮಾ?"

"ಔಡಲರಿ."

"ಹೂಂ. ಅದೊಂದು ಮಾತರ ಕೇಳೀದಿ."

ಕಲ್ಲು ತಿರುಗಿತು. ಅಲಗಿನ ಸದ್ದು ಬಿಟ್ಟರೆ ಹೊಳೆಯ ಸದ್ದು. ಅವರೇ ಕೇಳಿದರು: "ಇನ್ನೊಂದು ಮಾತು ಹೇಳಿದ್ದೆ ನಿನಗ. ಜ್ವಾಳದಾಗ ಕಬ್ಬಿಣ ಉಳಿಯೂದಿಲ್ಲ ಅಂತ. ಮನ್ಯಾಗ ಹೇಳಿದ್ದೇನು?"

"ಹೇಳಿದ್ದೆನ್ರಿ."

ಅವರು ನನ್ನ ಮುಖವನ್ನು ನೋಡುತ್ತಲೇ ಇದ್ದರು. ಸುಳ್ಳು ಎಂದು ಗೊತ್ತಾಯಿತೋ ಏನೋ. ಅಲಗನ್ನು ಬಟ್ಟೆಯಿಂದ ಒರೆಸಿ ಮಡಚಿದರು. ಅಷ್ಟರಲ್ಲಿ ಹರಿಗೋಲಿನವನು ಕೂಗಿದ. ನಾನು ಅವಸರದಲ್ಲಿ ಕೈ ಚಾಚಿದೆ. ಅವರು ಕೊಡಲಿಲ್ಲ. ಚಾಕನ್ನು ನೆಲದ ಮೇಲೆ ಇಟ್ಟರು.

"ಅಲ್ಲಿಂದ ತಗೋ. ನಮ್ಮ ನಡುವ ಜಗಳ ಬ್ಯಾಡ."

ಇಡೀ ಸೀಮೆ ಅವರ ಮೇಲೆ ಮುನಿಸಿಕೊಂಡಿದ್ದದ್ದು ನನ್ನ ಒಂದು ಮಾತಿನಿಂದ. ಅದು ಅವರ ಕಿವಿಗೆ ಬಿದ್ದಿರಲೇಬೇಕು. ಆದರೂ ಅವರು ನನ್ನ ಕೂಡ ಜಗಳ ಬಾರದಂತೆ ನೋಡಿಕೊಂಡರು. ಹರಿಗೋಲಿನಲ್ಲಿ ಕೂತ ಮೇಲೂ ನಾನು ಇದನ್ನು ಬೇರೆ ರೀತಿಯಲ್ಲೇ ಓದಿದೆ: ತಪ್ಪು ಮಾಡಿದವನಿಗೇ ಜಗಳದ ಭಯ ಇರುತ್ತದೆ ಎಂದುಕೊಂಡೆ. ಸಂಶಯಕ್ಕೆ ಒಮ್ಮೆ ಬಾಯಿ ಬಂದರೆ ಅದು ಅನ್ನವನ್ನೂ ಉಣ್ಣುತ್ತದೆ, ಕಲ್ಲನ್ನೂ ಉಣ್ಣುತ್ತದೆ.

ಮತ್ತೆ ಎರಡು ಸಲ ಕೊಣ್ಣೂರು ದಾಟಿದೆ. ಬೇವಿನ ಮರ ಇತ್ತು. ಅವರು ಇರಲಿಲ್ಲ. ವಿಚಾರಿಸಿದಾಗ ಒಬ್ಬ ರಾಮದುರ್ಗದ ಕಡೆ ಹೋದರೆಂದ, ಇನ್ನೊಬ್ಬ ತೀರಿಕೊಂಡರೆಂದ, ಮೂರನೆಯವನಿಗೆ ಅಂಥ ಮನುಷ್ಯ ಇದ್ದದ್ದೇ ಗೊತ್ತಿರಲಿಲ್ಲ. ಅವರಿಗೆ ಹೆಂಡತಿ ಮಕ್ಕಳಿದ್ದರೇ, ಅವರ ಸ್ವಂತ ಊರು ಯಾವುದು, ಇದನ್ನೆಲ್ಲ ನಾನು ಎಂದೂ ಕೇಳಿರಲಿಲ್ಲ...

ಚಾಕು ಮತ್ತೆ ಸಿಕ್ಕ ದಿನ ಬೆಳಕಿನಲ್ಲಿ ಬಿಚ್ಚಿ ನೋಡಿದೆ. ಕೀಲಿನ ಸಂದಿಯಲ್ಲಿ ಎಣ್ಣೆಯ ಜಿಡ್ಡು ಗಟ್ಟಿಯಾಗಿತ್ತು. ಸೂಜಿಯಿಂದ ಕೆದಕಿದೆ. ಕರಿಯ ಜಿಡ್ಡಿನ ಕೆಳಗೆ ಸ್ವಲ್ಪ ಕೆಂಪು. ಕುಂಕುಮ ಇರಬಹುದು, ತುಕ್ಕೂ ಇರಬಹುದು. ಜಗುಲಿಯ ಮೇಲಿಟ್ಟು ಪೂಜೆ ಮಾಡಿದ ಚಾಕಿನಲ್ಲಿ ಕುಂಕುಮ ಇದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಆದರೂ ಅಂದು ನನಗೆ ಕೂರಲು ಆಗಲಿಲ್ಲ. ಆ ವಾರವೇ ರೋಣಕ್ಕೆ ಹೊರಟೆ.

ಕಚೇರಿಯ ದಫ್ತರದಲ್ಲಿ ಪರಿಚಯದ ಗುಮಾಸ್ತರೊಬ್ಬರಿದ್ದರು. "ಅಷ್ಟ ಹಳೇವು ಯಾಕ ಬೇಕ್ರಿ ಮಾಸ್ತರ್ರ? ಗೆದ್ದಲು ತಿಂದು ಉಳಿಸಿದ್ದು ಮೋಡಿ ಅಕ್ಷರದಾಗ ಐತಿ" ಎಂದು ಗೊಣಗುತ್ತಲೇ ಮೂರು ಕಟ್ಟು ತಂದು ಹಾಕಿದರು. ಎರಡು ದಿನ ಧೂಳು ತಿಂದೆ. ಎರಡನೆಯ ದಿನ ಮಧ್ಯಾಹ್ನ ಜಕ್ಕಲಿಯ ಕಾಗದ ಸಿಕ್ಕಿತು. ಒಂದೇ ಹಾಳೆ. ನಾನು ಹುಡುಕಿದ್ದು ಸುದ್ದಿ ಕೊಟ್ಟವರ ಹೆಸರನ್ನು. ಅಲ್ಲಿ ಚಾಕಿನ ಸಾವಕಾರರ ಹೆಸರು ಇರಲಿಲ್ಲ. ಗಜೇಂದ್ರಗಡದ ಮಾತೇ ಇರಲಿಲ್ಲ. ಊರ ವಾಲಿಕಾರ ಹಿತ್ತಲುಗಳ ಹಿಂದಿನ ಹಾದಿಯಲ್ಲಿ ತಿರುಗುವಾಗ ತಾನೇ ಕಂಡು ತಿಳಿಸಿದ್ದು ಎಂದು ಬರೆದಿತ್ತು. ಅವನು ಕಂಡದ್ದು ಇಷ್ಟು: ಮೂರು ಹಗೇವುಗಳಲ್ಲಿ ನಡುವಿನದರ ಮೆತ್ತಿದ ಮಣ್ಣಿನ ಮೇಲೆ ಎಣ್ಣೆ ಕುಂಕುಮ ಇಂಗಿದೆ, ಒರೆಸಿದರೂ ಹೋಗಿಲ್ಲ, ಆ ಕೆಂಪಿನ ನಡುವೆ, ಮೇಲೆ ಏನನ್ನೋ ಇಟ್ಟು ಎತ್ತಿಕೊಂಡಂತೆ, ಮಡಚಿದ ಚಾಕಿನ ಆಕಾರದ ಒಣ ಜಾಗ ಉಳಿದಿದೆ.

ಅಜ್ಜಿಯ ಹತ್ತಿರ ಚಾಕು ಇರಲಿಲ್ಲ. ಆ ಮನೆಯಲ್ಲಿ ಆ ದಿನ ಹೊಸ ಅಲಗು ಇದ್ದದ್ದು ನನ್ನ ಹತ್ತಿರ ಮಾತ್ರ. ಹೊಸದನ್ನು ಹಿರಿಯದರ ಪಕ್ಕದಲ್ಲಿ ಇಡಬೇಕೆಂದು ಅಜ್ಜಿ ನನ್ನನ್ನು ಕಳಿಸಿದಳೋ, ನಾನೇ ಹೋದೆನೋ, ತಟ್ಟೆ ಯಾರ ಕೈಯಲ್ಲಿತ್ತೋ... ಎಷ್ಟು ಯೋಚಿಸಿದರೂ ನಾನು ಬಾಗಿಲಲ್ಲೇ ನಿಂತಿದ್ದೇನೆ, ಹಿತ್ತಲಿಗೆ ಇಳಿಯುತ್ತಲೇ ಇಲ್ಲ. ಕೆಂಪು ರುಮಾಲಿನವನು ನಿಜವೋ ಸುಳ್ಳೋ ತಿಳಿಯದು. ಕೊಣ್ಣೂರಿನಲ್ಲಿ ಅವರು ಆಡಿದ ಮಾತು ಅಷ್ಟೇ ಇತ್ತೋ, ನಾನು ಬೆಳೆಸಿದೆನೋ, ಅದೂ ತಿಳಿಯದು. ಕಾಕಾ ಇಲ್ಲ, ಅಜ್ಜಿ ಇಲ್ಲ. ಹೋಗಿ ತಪ್ಪಾಯಿತು ಎನ್ನೋಣವೆಂದರೆ ಸಾವಕಾರರು ಎಲ್ಲಿ ತೀರಿಕೊಂಡರೆಂದೂ ಗೊತ್ತಿಲ್ಲ.

ಒಂದನ್ನು ಮಾತ್ರ ಅಳೆದು ನೋಡಿದ್ದೇನೆ. ಆ ಒಣ ಜಾಗದ ಉದ್ದವನ್ನು ಕಾಗದದಲ್ಲಿ ಬೆರಳ ಲೆಕ್ಕದಲ್ಲಿ ಬರೆದಿದ್ದರು. ರೋಣದಿಂದ ಬಂದ ಸಂಜೆ ಚಾಕನ್ನು ಮಡಚಿ ಹಲಗೆಯ ಮೇಲೆ ಇಟ್ಟು, ಪಕ್ಕದಲ್ಲಿ ಬೆರಳು ಜೋಡಿಸಿದೆ. ನಾಲ್ಕು ಬೆರಳು. ಕಾಗದದಲ್ಲಿ ಇದ್ದದ್ದೂ ಅಷ್ಟೇ.